ಒಂಬತ್ತು ಸ್ಟೇಷನ್, ಎರಡು ಚೇಂಜ್

ರಜೆಗೆ ಬಂದಿದ್ದ ಅಕ್ಕನ ಮಗ ಒಂದು ಸಂಜೆ ಕೇಳಿದ: "ಮಾಮ, ನಮ್ಮ ಮೆಟ್ರೋದಲ್ಲಿ ಎಲ್ಲಿಂದ ಎಲ್ಲಿಗೆ ಹೋದ್ರೆ ಅತಿ ಜಾಸ್ತಿ ಸಲ ಟ್ರೇನ್ ಚೇಂಜ್ ಮಾಡ್ಬೇಕು?"

ಯೋಚನೆಯೇ ಮಾಡದೆ ವೈಟ್‌ಫೀಲ್ಡಿಂದ ಬೊಮ್ಮಸಂದ್ರಕ್ಕೆ ಅಂದೆ. ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗ, ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಮಾರ್ಗ. ಎರಡು ಚೇಂಜ್. ಅವನು ಒಪ್ಪಲಿಲ್ಲ. ಮೆಜೆಸ್ಟಿಕ್‌ನಿಂದ ಒಂದು ಸ್ಟೇಷನ್ ಆ ಕಡೆ ಹೋಗೋದು, ವಾಪಸ್ ಬಂದು ಇನ್ನೊಂದು ಮಾರ್ಗ ಹತ್ತೋದು, ಹೀಗೇ ಮಾಡ್ತಾ ಇದ್ರೆ ದಿನಕ್ಕೆ ನೂರು ಚೇಂಜ್ ಆಗಲ್ವಾ ಅಂದ. ಸರಿ, ನಿಯಮ ಹಾಕಲೇಬೇಕಾಯಿತು. ಬೇಕಂತಲೇ ಸುತ್ತುವ ಹಾಗಿಲ್ಲ. ಎಷ್ಟೇ ಜಾಣತನದಿಂದ ಹೋದರೂ ಇಷ್ಟಂತೂ ತಪ್ಪಲ್ಲ ಅನ್ನುವ ಚೇಂಜ್‌ಗಳನ್ನು ಮಾತ್ರ ಎಣಿಸಬೇಕು.

ಮೊದಲು ಮ್ಯಾಪ್ ಹರಡಿಕೊಂಡು ಒಂದೊಂದೇ ಸ್ಟೇಷನ್ ಮೇಲೆ ಬೆರಳಿಟ್ಟು ನೋಡುತ್ತಾ ಕೂತೆವು. ಅರ್ಧ ಗಂಟೆ ದಂಡ. ಆಮೇಲೆ ಹೊಳೆಯಿತು, ಈ ಲೆಕ್ಕಕ್ಕೆ ಸ್ಟೇಷನ್‌ಗಳು ಬೇಕಾಗಿಯೇ ಇಲ್ಲ. ಒಂದು ಮಾರ್ಗಕ್ಕೆ ಒಂದು ಚುಕ್ಕಿ ಇಡಿ. ಎರಡು ಮಾರ್ಗ ಎಲ್ಲಾದರೂ ಸೇರಿದರೆ ಆ ಚುಕ್ಕಿಗಳ ನಡುವೆ ಗೆರೆ ಎಳೆಯಿರಿ. ಎಷ್ಟು ಗೆರೆ ದಾಟುತ್ತೀರೋ ಅಷ್ಟು ಚೇಂಜ್. ನೇರಳೆ, ಹಸಿರು, ಹಳದಿ: ಸಾಲಾಗಿ ಮೂರು ಚುಕ್ಕಿ, ಎರಡು ಗೆರೆ, ಮುಗಿಯಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಗುವ ಮುಂಚೆ ಇದ್ದದ್ದು ಎರಡೇ ಚುಕ್ಕಿ, ಆಗ ಈ ಪ್ರಶ್ನೆಯಲ್ಲಿ ಮಜಾನೇ ಇರಲಿಲ್ಲ.

ಆದರೆ ಇದರಿಂದ ನನ್ನ ವೈಟ್‌ಫೀಲ್ಡ್ ಉತ್ತರದ ಗತ್ತು ಇಳಿದುಹೋಯಿತು. ನೇರಳೆಯಲ್ಲಿ 37 ಸ್ಟೇಷನ್, ಮೆಜೆಸ್ಟಿಕ್ ಬಿಟ್ಟರೆ 36. ಹಳದಿಯಲ್ಲಿ 16, ಆರ್.ವಿ. ರಸ್ತೆ ಬಿಟ್ಟರೆ 15. ಗುಣಿಸಿದರೆ 540 ಜೋಡಿ, ಎಲ್ಲದಕ್ಕೂ ಅದೇ ಎರಡು ಚೇಂಜ್! ಹುಡುಗ ಕ್ಯಾಲ್ಕುಲೇಟರ್ ತೋರಿಸಿ ನಕ್ಕ. ಹಾಗಾದರೆ 540ರಲ್ಲಿ ಗೆದ್ದವರು ಯಾರು? ಅತಿ ದೂರದ್ದಲ್ಲ, ಅತಿ ಚಿಕ್ಕದ್ದು ಅಂತ ನಾನು ವಾದ ಮಾಡಿದೆ. ವೈಟ್‌ಫೀಲ್ಡಿಂದ ಬೊಮ್ಮಸಂದ್ರಕ್ಕೆ 44 ಸ್ಟೇಷನ್ ದಾಟಿ ಎರಡು ಸಲ ಇಳಿದು ಹತ್ತೋದು ಏನು ಮಹಾ? ಸಿಟಿ ರೈಲ್ವೆ ಸ್ಟೇಷನ್ ಮೆಟ್ರೋದಲ್ಲಿ ಹತ್ತಿ ರಾಗಿಗುಡ್ಡಕ್ಕೆ ಹೋಗಿ ನೋಡಿ. ನೇರಳೆಯಲ್ಲಿ ಒಂದು, ಹಸಿರಲ್ಲಿ ಏಳು, ಹಳದಿಯಲ್ಲಿ ಒಂದು. ಒಂಬತ್ತೇ ಸ್ಟೇಷನ್. (ಬುದ್ಧಿ ಇರುವವರು ಮೆಜೆಸ್ಟಿಕ್‌ವರೆಗೆ ನಡೆದೇ ಹೋಗ್ತಾರೆ. ಅದಕ್ಕೇ ಇನ್ನೊಂದು ನಿಯಮ: ಗೇಟಿನಿಂದ ಹೊರಗೆ ಕಾಲಿಡೋ ಹಾಗಿಲ್ಲ.)

ಭಾನುವಾರ ಹೋಗಿಯೇ ಬಿಟ್ಟೆವು. ಕಂಬಿ ಹಿಡಿದು ಸರಿಯಾಗಿ ನಿಲ್ಲುವಷ್ಟರಲ್ಲಿ ಮೆಜೆಸ್ಟಿಕ್ ಬಂತು. ಎಸ್ಕಲೇಟರ್, ಜನ, ಮತ್ತೆ ಎಸ್ಕಲೇಟರ್. ಹಸಿರು ಟ್ರೇನಲ್ಲಿ ಕೆ.ಆರ್. ಮಾರ್ಕೆಟ್‌ಗೆ ಬಂದಾಗ ಒಬ್ಬರು ಅಜ್ಜಿ ಎರಡು ಚೀಲ ಸೇವಂತಿಗೆ ಹೊತ್ತು ಹತ್ತಿದರು, ಬೋಗಿ ತುಂಬಾ ಘಮ. ಒಂದು ಚೀಲ ಹುಡುಗನ ಕಾಲ ಮೇಲೇ ಕೂತಿತು, "ಸ್ವಲ್ಪ ಹಿಡ್ಕೋ ಮರಿ" ಅಂದರು. ಅಲ್ಲಿಂದಾಚೆ ಟ್ರೇನ್ ಸುರಂಗದಿಂದ ಮೇಲೆ ಬಂದು ನ್ಯಾಷನಲ್ ಕಾಲೇಜು ಹತ್ತಿರ ಬಿಸಿಲು ಹೊಡೆಯಿತು. ಆರ್.ವಿ. ರಸ್ತೆಯಲ್ಲಿ ನಾನು ಆರಾಮಾಗಿ ನಡೆದೆ, ಕಣ್ಣೆದುರಲ್ಲೇ ಹಳದಿ ಟ್ರೇನ್ ಹೋಯಿತು. ಒಂದು ಸ್ಟೇಷನ್ ಹೋಗೋದಕ್ಕೆ ಮುಂದಿನದಕ್ಕೆ ಕಾದು ಕೂತಿದ್ದು ನೋಡಿ ಪಕ್ಕದವರು, "ರಾಗಿಗುಡ್ಡಕ್ಕಾ? ಆಟೋ ಇತ್ತಲ್ರೀ" ಅಂದರು. ನಿಯಮದ ವಿಷಯ ಅವರಿಗೆ ಹೇಗೆ ಹೇಳೋದು!

ಮನೆಗೆ ಬಂದು, ಇನ್ನೂ ಪೂರ್ತಿಯಾಗದ ಗುಲಾಬಿ, ನೀಲಿ ಮಾರ್ಗಗಳ ಚುಕ್ಕಿಗಳನ್ನೂ ಇಟ್ಟೆವು. ಮಾರ್ಗ ಜಾಸ್ತಿಯಾದರೆ ಚೇಂಜೂ ಮೂರೋ ನಾಲ್ಕೋ ಆಗುತ್ತೆ ಅಂತ ನನ್ನ ಲೆಕ್ಕ. ಆಗಲ್ಲ. ಗುಲಾಬಿ ಮಾರ್ಗ ಎಂ.ಜಿ. ರಸ್ತೆಯಲ್ಲಿ ನೇರಳೆಯನ್ನೂ ಜಯದೇವದಲ್ಲಿ ಹಳದಿಯನ್ನೂ ಸೇರುತ್ತೆ. ನೀಲಿ ಸಿಲ್ಕ್ ಬೋರ್ಡಲ್ಲಿ ಹಳದಿಯನ್ನು, ಕೆ.ಆರ್. ಪುರದಲ್ಲಿ ನೇರಳೆಯನ್ನು ಸೇರುತ್ತೆ, ನಾಗವಾರದಲ್ಲಿ ಗುಲಾಬಿಗೂ ನೀಲಿಗೂ ಭೇಟಿ. ಗೆರೆ ಎಳೆದು ನೋಡಿದರೆ ನೇರ ಸಂಬಂಧ ಇಲ್ಲದ್ದು ಮೂರೇ ಜೋಡಿ: ನೇರಳೆ–ಹಳದಿ, ಹಸಿರು–ಗುಲಾಬಿ, ಹಸಿರು–ನೀಲಿ. ಮೂರಕ್ಕೂ ಎರಡೇ ಚೇಂಜ್ ಸಾಕು. ಐದೂ ಮಾರ್ಗ ಪೂರ್ತಿಯಾದ ಮೇಲೂ ದಾಖಲೆ ಎರಡೇ. ವೈಟ್‌ಫೀಲ್ಡಿನವರಿಗೆ ಮೆಜೆಸ್ಟಿಕ್ ಸುತ್ತೋದು ತಪ್ಪುತ್ತೆ, ಅಷ್ಟು ಲಾಭ.

ಮೆಟ್ರೋ ಸಾಕು, ದೊಡ್ಡ ರೈಲು ನೋಡೋಣ ಅಂದ. ಅಲ್ಲಿ ಆಟವೇ ಬೇರೆ, ಹಳಿಗಲ್ಲ, ಒಂದೊಂದು ರೈಲಿಗೂ ಒಂದೊಂದು ಚುಕ್ಕಿ ಇಡಬೇಕು. ವಿವೇಕ್ ಎಕ್ಸ್‌ಪ್ರೆಸ್ ದಿಬ್ರುಗಢದಿಂದ ಕನ್ಯಾಕುಮಾರಿಗೆ 4,000 ಕಿಲೋಮೀಟರಿಗೂ ಜಾಸ್ತಿ ಓಡುತ್ತೆ, ಚೇಂಜ್ ಸೊನ್ನೆ. ನಮ್ಮ ಕಡೆ ಗ್ಯಾರಂಟಿ ಗೆಲ್ಲುತ್ತೆ ಅಂತ ತಾಳಗುಪ್ಪ–ಹೊನ್ನಾವರ ಹಿಡಿದೆವು. ಘಾಟಿ ಇಳಿದರೆ ಬಸ್ಸಲ್ಲಿ ಹತ್ತಿರ, ರೈಲಲ್ಲಾದರೆ ಶಿವಮೊಗ್ಗ, ಅರಸೀಕೆರೆ, ಸಕಲೇಶಪುರ, ಉಡುಪಿ ಅಂತ ಐದಾರು ನೂರು ಕಿಲೋಮೀಟರ್ ಸುತ್ತು. ಮೂರು ಚೇಂಜಾದರೂ ಇರುತ್ತೆ ಅಂದುಕೊಂಡಿದ್ದೆ. ತಾಳಗುಪ್ಪ–ಮೈಸೂರು ರೈಲು ಹಾಸನದ ಮೇಲೆ ಹೋಗುತ್ತೆ, ಬೆಂಗಳೂರು–ಕಾರವಾರ ರೈಲೂ ಹಾಸನದ ಮೇಲೇ. ಒಂದೇ ಚೇಂಜ್. ಹುಡುಗ ಪೆನ್ಸಿಲ್ ಕೆಳಗಿಟ್ಟು ಊಟಕ್ಕೆ ಎದ್ದ.