ಎರಡನೇ ಕರಡು ಹಿಡಿದು ಕೂತಾಗ

ಕಾದಂಬರಿಯ ಮೊದಲ ಕರಡು ಮುಗಿದ ಕೂಡಲೇ ನಾನು ಕಾಗುಣಿತಕ್ಕೆ ಕೈ ಹಾಕುವುದಿಲ್ಲ. ಇಡೀ ಅಧ್ಯಾಯವೇ ಕಿತ್ತು ಹೋಗಬಹುದು, ಅದರ ಒತ್ತಕ್ಷರ ಈಗಲೇ ತಿದ್ದಿ ಏನು ಪ್ರಯೋಜನ, ಅಲ್ವಾ? ಮೊದಲು ಪ್ರಿಂಟ್ ತೆಗೆದು ಜೋರಾಗಿ ಓದುತ್ತೇನೆ. ಸಂಭಾಷಣೆ ದಾರಿ ತಪ್ಪಿದ್ದು ಕಣ್ಣಿಗಿಂತ ಕಿವಿಗೆ ಬೇಗ ಗೊತ್ತಾಗುತ್ತದೆ. ಧಾರವಾಡದ ಅಜ್ಜಿ ಒಂದು ಕಡೆ "ಎಲ್ಲಿ ಹೊಂಟೀಯೋ ತಮ್ಮಾ" ಅಂದು, ಮುಂದಿನ ಅಧ್ಯಾಯದಲ್ಲಿ "ಎಲ್ಲಿಗೆ ಹೋಗುತ್ತಿದ್ದೀಯಪ್ಪಾ" ಅಂದರೆ ಆ ಅಜ್ಜಿಯನ್ನು ಓದುಗರು ಆಮೇಲೆ ನಂಬುವುದಿಲ್ಲ.

ಕಾಲದ ಲೆಕ್ಕಕ್ಕೇ ಜಾಸ್ತಿ ಹೊತ್ತು ಬೇಕು. ಕಥೆ 1965ರಲ್ಲಿ ನಡೆಯುತ್ತಿದ್ದರೆ ಯಾರ ಬಾಯಲ್ಲೂ "ಕರ್ನಾಟಕ ಸರ್ಕಾರ" ಬರುವಂತಿಲ್ಲ. ರಾಜ್ಯದ ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ, ಅಲ್ಲಿಯವರೆಗೆ ಅದು ಮೈಸೂರು ರಾಜ್ಯ. ಆಣೆಯ ಬದಲಿಗೆ ನಯಾ ಪೈಸೆ 1957ರಲ್ಲೇ ಬಂದಿತ್ತು, ಆದರೂ ಜನ ನಾಲ್ಕಾಣೆ, ಎಂಟಾಣೆ ಅನ್ನುವುದನ್ನು ಬಿಡಲಿಲ್ಲ, ಹಾಗಾಗಿ ಅಂಗಡಿಯವನ ಮಾತಲ್ಲಿ ಆಣೆ ಇದ್ದರೆ ಸುಮ್ನೆ ಬಿಟ್ಟುಬಿಡಿ, ಅದು ಸರಿಯಾಗಿಯೇ ಇದೆ.

ಆಮೇಲೆ ವಾಕ್ಯಗಳು. "ಅವಳು ಕೋಪದಿಂದ ಲೋಟ ಕುಕ್ಕಿದಳು." ಇಲ್ಲಿ "ಕೋಪದಿಂದ" ಯಾಕೆ? ಕುಕ್ಕಿದ್ದರಲ್ಲೇ ಕೋಪ ಇದೆ. ಅದನ್ನು ಹೊಡೆದುಹಾಕಿ, ಕಾಫಿ ಮಗನ ಲೆಕ್ಕದ ಪುಸ್ತಕದ ಮೇಲೆ ಚೆಲ್ಲಿತು ಅಂತ ಸೇರಿಸಿ ನೋಡಿ. ಈಗ ಮಗನೂ ಏನಾದರೂ ಮಾಡಲೇಬೇಕು, ದೃಶ್ಯ ಮುಂದಕ್ಕೆ ಹೋಗುತ್ತದೆ.

ಕಾಗುಣಿತ ಕೊನೆಗೆ. ಯೂನಿಕೋಡ್‌ನಿಂದ ಅಚ್ಚಿಗೆ ಬಳಸುವ ನುಡಿ ಫಾಂಟಿಗೆ ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ ಎಡವಟ್ಟಾಗುವುದುಂಟು, ಅದಕ್ಕೇ ಕೊನೆಯ ಪ್ರೂಫನ್ನು ಪುಟ ಕಟ್ಟಿದ ಮೇಲೆಯೇ ಓದಿ.