ಮೊದಲು ಏರಿಯ ಮೇಲೆ, ಆಮೇಲೆ ಆಮ್‌ಸ್ಟರ್‌ಡಾಮ್‌ನೊಳಗೆ

ಆಮ್‌ಸ್ಟರ್‌ಡಾಮ್‌ಗೆ ಹೊರಡುವ ಬಹುತೇಕರು ಅಲ್ಲಿ ಸೈಕಲ್ ತುಳಿಯಬೇಕೆಂದು ಮೊದಲೇ ನಿಶ್ಚಯಿಸಿಕೊಂಡಿರುತ್ತಾರೆ. ಆದರೆ ಬಾಡಿಗೆಗೆ ಪಡೆದ ಸೈಕಲ್ಲನ್ನು ಮೊದಲ ದಿನ ಯಾವ ದಿಕ್ಕಿಗೆ ತಿರುಗಿಸಬೇಕೆಂದು ಯೋಚಿಸುವವರು ಕಡಿಮೆ. ಮೇ ತಿಂಗಳಲ್ಲಿ ಅಲ್ಲಿ ಐದು ದಿನ ಕಳೆದ ನಾನೂ ನನ್ನ ಪತ್ನಿಯೂ ಮೊದಲ ದಿನವೇ ನಗರದ ನಡುವಿಗೆ ನುಗ್ಗಿದೆವು, ಹಳ್ಳಿಗಳನ್ನು ಎರಡನೆಯ ದಿನಕ್ಕೆ ಇಟ್ಟುಕೊಂಡೆವು. ಈ ಕ್ರಮವನ್ನು ಅದಲುಬದಲು ಮಾಡಿಕೊಳ್ಳಿ ಎಂಬುದೇ ನನ್ನ ಮುಖ್ಯ ಸಲಹೆ. ಸುತ್ತಲಿನ ಹಳ್ಳಿಗಾಡಿನಲ್ಲಿ ಸೈಕಲ್ಲಿನ ತೂಕ, ಬ್ರೇಕು, ರಸ್ತೆಯ ಗುರುತುಗಳು ಎಲ್ಲವೂ ನಿಧಾನವಾಗಿ ರೂಢಿಯಾಗುತ್ತವೆ. ನಗರದಲ್ಲಿ ಅದಕ್ಕೆ ಬಿಡುವೇ ಸಿಗುವುದಿಲ್ಲ.

ನಾವು ಕಲಿತದ್ದು ಬಿದ್ದ ಮೇಲೆ. ಟ್ರಾಮ್ ಹಳಿಯ ಪಕ್ಕದಲ್ಲೇ ಸಾಗುತ್ತಿದ್ದಾಗ ಎದುರಿಗೆ ನಿಂತ ವ್ಯಾನೊಂದನ್ನು ತಪ್ಪಿಸಲು ಹ್ಯಾಂಡಲನ್ನು ಸ್ವಲ್ಪವೇ ತಿರುಗಿಸಿದೆ. ಮುಂದಿನ ಚಕ್ರ ಹಳಿಯ ಸೀಳಿನೊಳಗೆ ಇಳಿದು ಅಲ್ಲೇ ಕಚ್ಚಿಕೊಂಡಿತು, ನಾನು ಎಡಮಗ್ಗುಲಾಗಿ ರಸ್ತೆಗೆ ಬಿದ್ದೆ. ಹಿಂದೆ ಬರುತ್ತಿದ್ದವರು ನಿಂತು ಎಬ್ಬಿಸಿದರು, ಮೊಣಕೈ ತರಚಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಹಳಿಯನ್ನು ಯಾವಾಗಲೂ ಆದಷ್ಟು ಲಂಬಕೋನದಲ್ಲಿ, ಅಡ್ಡಲಾಗಿಯೇ ದಾಟಬೇಕು, ಮಳೆ ಬಂದು ಹಳಿ ಒದ್ದೆಯಾಗಿದ್ದರೆ ಇಳಿದು ತಳ್ಳಿಕೊಂಡು ಹೋಗುವುದೇ ಲೇಸು.

ಸೈಕಲ್ ಆರಿಸುವಾಗಲೂ ಆತುರ ಬೇಡ. ಅಲ್ಲಿನ ಅನೇಕ ಬಾಡಿಗೆ ಸೈಕಲ್‌ಗಳಲ್ಲಿ ಕೈಬ್ರೇಕ್ ಇರುವುದಿಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರ ನಿಲ್ಲುತ್ತದೆ. ರೂಢಿಯಿಲ್ಲದವರು ಗಾಬರಿಯಾದಾಗ ಬೆರಳುಗಳಿಂದ ಇಲ್ಲದ ಬ್ರೇಕನ್ನು ಹುಡುಕುತ್ತಾರೆ. ಆದ್ದರಿಂದ ಕೈಬ್ರೇಕ್ ಇರುವ, ಕನಿಷ್ಠ ಮೂರು ಗೇರ್‌ಗಳ ಸೈಕಲ್ಲನ್ನೇ ಕೇಳಿ ಪಡೆಯಿರಿ. ಬೆಟ್ಟವಿಲ್ಲದ ನಾಡಿನಲ್ಲಿ ಗೇರ್ ಏಕೆ ಎಂದು ನನಗೂ ಅನಿಸಿತ್ತು, ಗಾಳಿಯ ವಿಚಾರ ಬಂದಾಗ ಅದರ ಉತ್ತರ ಹೇಳುತ್ತೇನೆ. ಸೀಟಿನ ಎತ್ತರವನ್ನು ಅಂಗಡಿಯಲ್ಲೇ ಸರಿಪಡಿಸಿಕೊಳ್ಳಿ, ನಿಂತಾಗ ಕಾಲ್ಬೆರಳಾದರೂ ನೆಲಕ್ಕೆ ಮುಟ್ಟಬೇಕು. ಬೆಲ್ ಇರಬೇಕು, ಕತ್ತಲಾದ ಮೇಲೆ ಮುಂದೆ ಬಿಳಿ ಮತ್ತು ಹಿಂದೆ ಕೆಂಪು ದೀಪ ಉರಿಯುತ್ತಿರಬೇಕೆಂಬುದು ಕಾನೂನು. ಹೆಲ್ಮೆಟ್ ಕಡ್ಡಾಯವಲ್ಲ. ನಾವು ಕೇಳಿ ಪಡೆದು ಹಾಕಿಕೊಂಡೆವು, ಅದರಿಂದ ಯಾವ ಅಡಚಣೆಯೂ ಆಗಲಿಲ್ಲ.

ಇನ್ನು ಹಳ್ಳಿಗಾಡಿನ ದಾರಿ. ಸೆಂಟ್ರಲ್ ರೈಲು ನಿಲ್ದಾಣದ ಹಿಂಬದಿಯಲ್ಲಿ ಐ ಎಂಬ ವಿಶಾಲವಾದ ನೀರಿನ ಹರವಿದೆ. ಅದನ್ನು ದಾಟಿಸುವ ದೋಣಿಗೆ ಟಿಕೆಟ್ ಇಲ್ಲ, ಸೈಕಲ್ ಸಮೇತ ನೇರವಾಗಿ ಹತ್ತಬಹುದು. ಬೌಕ್‌ಸ್ಲೋಟರ್‌ವೆಖ್ ಎಂದು ಬರೆದಿರುವ ದೋಣಿಯನ್ನೇ ಹತ್ತಿ, ಕೆಲವೇ ನಿಮಿಷಗಳಲ್ಲಿ ಉತ್ತರದ ದಡ ಮುಟ್ಟುತ್ತೀರಿ. ಅಲ್ಲಿಂದ ಪೂರ್ವಕ್ಕೆ ನ್ಯೂವೆನ್‌ಡಾಮರ್‌ಡೈಕ್ ಎಂಬ ಹಳೆಯ ಏರಿಯ ಮೇಲಿನ ಬೀದಿಯಲ್ಲಿ, ಮರದ ಮನೆಗಳ ನಡುವೆ ಸಾಗಿದರೆ ಅರ್ಧ ಗಂಟೆಯೊಳಗೆ ಡರ್ಗರ್‌ಡಾಮ್ ಬರುತ್ತದೆ. ಅದರಾಚೆ ಹಬ್ಬಿರುವ ಪ್ರದೇಶಕ್ಕೆ ವಾಟರ್‌ಲಾಂಡ್ ಎಂದೇ ಹೆಸರು. ಡರ್ಗರ್‌ಡಾಮ್‌ನಿಂದ ಏರಿಯ ಜೊತೆಜೊತೆಗೇ ಔಟ್‌ಡಾಮ್‌ವರೆಗೆ, ಮುಂದೆ ನೀರಿನ ನಡುವಿನ ಏರಿಯ ಮೇಲೆ ಮಾರ್ಕೆನ್‌ಗೆ, ಅಲ್ಲಿಂದ ಮರಳಿ ಮೊನ್ನಿಕೆನ್‌ಡಾಮ್ ಮತ್ತು ಬ್ರೂಕ್ ಇನ್ ವಾಟರ್‌ಲಾಂಡ್ ಊರುಗಳ ಮೂಲಕ ದೋಣಿಗೆ ಬಂದರೆ ಸುಮಾರು 45 ಕಿ.ಮೀ. ಆಗುತ್ತದೆ. ನಿಂತು ನೋಡುತ್ತಾ ಹೋಗುವವರಿಗೆ ಇದು ಪೂರ್ತಿ ಒಂದು ದಿನದ ದಾರಿ. ಏರಿಗಳನ್ನು ಬಲಪಡಿಸುವ ಕೆಲಸ ನಡೆಯುತ್ತಿದ್ದರೆ ಹಳದಿ ಫಲಕಗಳು ಬೇರೆ ದಾರಿ ತೋರಿಸುತ್ತವೆ. ಅವನ್ನು ನಂಬಿ ಹೋಗಿ.

ದಾರಿ ಹುಡುಕಲು ಮೊಬೈಲ್ ಬೇಕಾಗಿಲ್ಲ. ದೇಶದ ಉದ್ದಗಲಕ್ಕೂ ಸೈಕಲ್ ದಾರಿಗಳು ಕೂಡುವ ಕಡೆಗಳಿಗೆ ಸಂಖ್ಯೆ ಕೊಟ್ಟಿದ್ದಾರೆ. ಅವುಗಳನ್ನು ಕ್ನೋಪ್‌ಪಂಟ್ ಎನ್ನುತ್ತಾರೆ. ಪ್ರತಿಯೊಂದು ಕೂಡುದಾರಿಯಲ್ಲೂ ಆ ಸುತ್ತಿನ ನಕ್ಷೆ ಇರುತ್ತದೆ, ಮುಂದಿನ ಸಂಖ್ಯೆಗೆ ಹೋಗುವ ಬಾಣದ ಗುರುತು ಹಸಿರು ಬಿಳಿ ಬಣ್ಣದ ಚಿಕ್ಕ ಫಲಕದಲ್ಲಿರುತ್ತದೆ. ಹಿಂದಿನ ರಾತ್ರಿಯೇ ದಾರಿಯನ್ನು ಗೊತ್ತುಮಾಡಿಕೊಂಡು ಸಂಖ್ಯೆಗಳನ್ನು ದೊಡ್ಡದಾಗಿ ಕಾಗದದ ಪಟ್ಟಿಯಲ್ಲಿ ಬರೆದು ಹ್ಯಾಂಡಲಿಗೆ ಅಂಟಿಸಿಕೊಂಡರೆ ಸಾಕು. ನನ್ನ ಪತ್ನಿ ದಾಟಿದ ಸಂಖ್ಯೆಗಳನ್ನು ಪೆನ್ಸಿಲ್ಲಿನಿಂದ ಹೊಡೆದುಹಾಕುತ್ತಾ ಬಂದಳು, ಇಡೀ ದಿನದಲ್ಲಿ ಒಂದೇ ಒಂದು ಸಲ ದಾರಿ ತಪ್ಪಿದ್ದು. ಅಂದ ಹಾಗೆ, ಚಲಿಸುವ ಸೈಕಲ್ ಮೇಲೆ ಮೊಬೈಲನ್ನು ಕೈಯಲ್ಲಿ ಹಿಡಿಯುವುದನ್ನು 2019ರ ಜುಲೈ 1ರಿಂದ ಅಲ್ಲಿ ನಿಷೇಧಿಸಲಾಗಿದೆ.

ಡರ್ಗರ್‌ಡಾಮ್ ದಾಟಿದ ಮೇಲೆ ಒಮ್ಮೆ ಇಳಿದು ಏರಿಯ ನೆತ್ತಿಯ ಮೇಲೆ ನಿಲ್ಲಿ. ಬಲಗಡೆ ಸರೋವರ, ಎಡಗಡೆ ಕಾಲುವೆಗಳು ಗೆರೆ ಎಳೆದಂತೆ ಸೀಳಿರುವ ಹುಲ್ಲುಗಾವಲು. ನಿಧಾನವಾಗಿ ಎರಡೂ ಕಡೆ ನೋಡಿದರೆ ದನಗಳು ಮೇಯುತ್ತಿರುವ ನೆಲ ಸರೋವರದ ನೀರಿಗಿಂತ ತಗ್ಗಿನಲ್ಲಿದೆ ಎಂಬುದು ಕಣ್ಣಿಗೇ ಗೊತ್ತಾಗುತ್ತದೆ. ಈ ಸರೋವರ ಹಿಂದೆ ಸಮುದ್ರದ ಕೊಲ್ಲಿಯಾಗಿತ್ತು. 1916ರ ಜನವರಿಯಲ್ಲಿ ಏರಿ ಒಡೆದು ವಾಟರ್‌ಲಾಂಡ್ ಮುಳುಗಿದ ಮೇಲೆ ಕೊಲ್ಲಿಯ ಬಾಯಿಗೇ ಕಟ್ಟೆ ಹಾಕುವ ನಿರ್ಧಾರ ಗಟ್ಟಿಯಾಯಿತು. 1932ರಲ್ಲಿ ಅಫ್‌ಸ್ಲೌಟ್‌ಡೈಕ್ ಎಂಬ ಆ ಕಟ್ಟೆ ಪೂರ್ಣಗೊಂಡು ಉಪ್ಪು ನೀರು ಕ್ರಮೇಣ ಸಿಹಿಯಾಯಿತು. ಕಾರಿನಲ್ಲಿ ಹೋಗುವವರಿಗೆ ಈ ತಗ್ಗುಏರು ತಿಳಿಯುವುದಿಲ್ಲ. ಹುಲ್ಲುಗಾವಲಿನ ಕಡೆಯಿಂದ ಏರಿಗೆ ಹತ್ತುವ ಪ್ರತಿಯೊಂದು ಪುಟ್ಟ ಏರಿನಲ್ಲೂ ನಮ್ಮ ತೊಡೆಗಳಿಗೆ ಅದು ತಿಳಿಯಿತು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಖ್ರುಟ್ಟೊ ಎಂಬ ಉದ್ದ ಕೊಕ್ಕಿನ ಹಕ್ಕಿ ಗೂಡು ಕಟ್ಟುತ್ತದೆ. ಅದರ ಹೆಸರೇ ಅದರ ಕೂಗು. ಬೇಲಿಗೂಟದ ಮೇಲೆ ಕುಳಿತಿದ್ದ ಒಂದು ಹಕ್ಕಿ ನಾವು ಹತ್ತು ಹೆಜ್ಜೆ ದೂರಕ್ಕೆ ಬಂದರೂ ಹಾರದೆ ತನ್ನ ಹೆಸರನ್ನೇ ಕೂಗುತ್ತಿತ್ತು.

ಗಾಳಿಯ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಈ ಪ್ರವಾಸವನ್ನು ಕೆಡಿಸಬಲ್ಲದ್ದು ಅದೊಂದೇ. ಅಲ್ಲಿ ಹೆಚ್ಚಾಗಿ ಬೀಸುವುದು ನೈಋತ್ಯದ ಗಾಳಿ. ಬೆಳಗ್ಗೆ ಅದು ನಮ್ಮ ಬೆನ್ನಿಗಿತ್ತು, ಔಟ್‌ಡಾಮ್‌ವರೆಗೆ ತುಳಿದದ್ದೇ ತಿಳಿಯಲಿಲ್ಲ, ನಮ್ಮ ಕಾಲುಗಳಿಗೆ ಶಕ್ತಿ ಬಂದಿದೆ ಎಂದೇ ಭಾವಿಸಿದೆವು. ಮಾರ್ಕೆನ್‌ನಿಂದ ಮರಳುವಾಗ ಎರಡು ಕಿ.ಮೀ.ಗೂ ಉದ್ದದ ಏರಿಯ ಮೇಲೆ, ಒಂದು ಪೊದೆಯ ಮರೆಯೂ ಇಲ್ಲದ ಕಡೆ, ಅದೇ ಗಾಳಿ ಎದುರಾಯಿತು. ಬೆನ್ನು ನೆಟ್ಟಗೆ ಇಟ್ಟು ಕೂರಿಸುವ ಆ ಸೈಕಲ್ ಮೇಲೆ ಎದೆಯೇ ಹಾಯಿಯಾಗುತ್ತದೆ. ಮೊದಲ ಗೇರಿನಲ್ಲಿ ನಡಿಗೆಯ ವೇಗದಲ್ಲಿ ಬಂದೆವು. ಹೊರಡುವ ಮುನ್ನ ಗಾಳಿಯ ದಿಕ್ಕನ್ನು ನೋಡಿ, ಸಾಧ್ಯವಾದರೆ ಎದುರುಗಾಳಿಯ ಭಾಗವನ್ನು ಬೆಳಗ್ಗೆಯೇ ಮುಗಿಸುವಂತೆ ಸುತ್ತಿನ ದಿಕ್ಕನ್ನು ಬದಲಿಸಿಕೊಳ್ಳಿ. ಮಳೆಗೆ ಬೌಯೆನ್‌ರಾಡಾರ್ ಎಂಬ ಆ್ಯಪ್ ಇದೆ, ಮುಂದಿನ ಎರಡು ಗಂಟೆಗಳ ಮಳೆಯನ್ನು ತೋರಿಸುವ ಅದನ್ನು ಅಲ್ಲಿನವರೂ ನೋಡಿಕೊಂಡೇ ಹೊರಡುತ್ತಾರೆ. ಬೆನ್ನಿನ ಚೀಲದಲ್ಲಿ ತೆಳುವಾದ ರೇನ್‌ಕೋಟ್ ಇರಲಿ, ಕೊಡೆಯನ್ನು ಕೋಣೆಯಲ್ಲೇ ಬಿಡಿ.

ಮಾರ್ಕೆನ್ 1957ರವರೆಗೆ ದ್ವೀಪವಾಗಿತ್ತು. ನೀರು ನುಗ್ಗಿದರೂ ಒಳಗೆ ಬಾರದಿರಲೆಂದು ಗುಡ್ಡೆ ಹಾಕಿ, ಕಂಬ ನೆಟ್ಟು ಕಟ್ಟಿದ ಅಲ್ಲಿನ ಮರದ ಮನೆಗಳನ್ನು ನೋಡಲು ಒಂದು ಗಂಟೆಯಾದರೂ ಬೇಕು. ಓಣಿಗಳು ಕಿರಿದು, ಸೈಕಲ್ಲನ್ನು ಬಂದರಿನ ಬಳಿ ನಿಲ್ಲಿಸಿ ನಡೆದೇ ನೋಡಿ. ದಣಿದವರು ಅಲ್ಲಿಂದ ಸೈಕಲ್ ಸಮೇತ ದೋಣಿಯಲ್ಲಿ ವೊಲೆಂಡಾಮ್‌ಗೆ ಹೋಗಬಹುದು, ಆದರೆ ಅಲ್ಲಿಂದ ಆಮ್‌ಸ್ಟರ್‌ಡಾಮ್‌ಗೆ ಮರಳುವ ದಾರಿ ಸ್ವಲ್ಪ ಹೆಚ್ಚುತ್ತದೆ. ವೊಲೆಂಡಾಮ್‌ನ ಜನಜಂಗುಳಿಗಿಂತ ಬ್ರೂಕ್‌ನ ಕೊಳದ ದಡದಲ್ಲಿ ಕುಳಿತ ಅರ್ಧ ಗಂಟೆಯೇ ನಮಗೆ ಹೆಚ್ಚು ಹಿತವಾಯಿತು.

ನಗರಕ್ಕೆ ಭಾನುವಾರ ಬೆಳಗ್ಗೆ ಇಳಿಯಿರಿ. ವಾರದ ದಿನಗಳಲ್ಲಿ ಎಂಟರಿಂದ ಒಂಬತ್ತು ಮತ್ತು ಸಂಜೆ ಐದರಿಂದ ಆರರವರೆಗೆ ಸೈಕಲ್ ದಾರಿಗಳು ಕೆಲಸಕ್ಕೆ ಹೋಗಿಬರುವವರದು. ಅಲ್ಲಿ ಚಿತ್ರ ತೆಗೆಯಲು ದಿಢೀರನೆ ನಿಲ್ಲುವವರಿಂದ ಅವರಿಗೆ ನಿಜಕ್ಕೂ ತೊಂದರೆಯಾಗುತ್ತದೆ. ನಿಲ್ಲಬೇಕಾದರೆ ಬಲಕ್ಕೆ ಸರಿದು, ದಾರಿಯಿಂದ ಪೂರ್ತಿ ಹೊರಗೆ ನಿಲ್ಲಿ. ತಿರುಗುವ ಮುನ್ನ ಕೈ ಚಾಚಿ ತೋರಿಸಿ. ರಸ್ತೆಯ ಮೇಲೆ ಬಳಿದ ಬಿಳಿ ತ್ರಿಕೋನಗಳ ಚೂಪುಗಳು ನಿಮ್ಮ ಕಡೆಗಿದ್ದರೆ ದಾರಿ ಬಿಡಬೇಕಾದವರು ನೀವು. ತ್ರಿಕೋನಗಳೂ ಸಿಗ್ನಲ್ಲೂ ಇಲ್ಲದ ಸಮಾನ ರಸ್ತೆಗಳ ಕೂಡಿನಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು, ಟ್ರಾಮ್ ಬಂದರೆ ಅದಕ್ಕೇ ದಾರಿ. ಪ್ರವೇಶವಿಲ್ಲ ಎಂಬ ಫಲಕದ ಕೆಳಗೆ ಸೈಕಲ್ ಚಿತ್ರವೂ ಔಟ್‌ಖೆಜೋಂಡರ್ಡ್ ಎಂಬ ಪದವೂ ಇದ್ದರೆ ಆ ನಿಷೇಧ ಸೈಕಲ್ಲಿಗಿಲ್ಲ ಎಂದರ್ಥ. ಕಾಲ್ವರ್‌ಸ್ಟ್ರಾಟ್‌ನಂಥ ಪಾದಚಾರಿ ಬೀದಿಗಳಿಗೆ ಹೋಗಬೇಡಿ.

ಬೀಗಕ್ಕೆ ಸೋಮಾರಿತನ ಮಾಡಬೇಡಿ. ಹಿಂದಿನ ಚಕ್ರಕ್ಕೆ ಬಳೆಬೀಗ, ಅದರ ಮೇಲೆ ಸರಪಳಿಯಿಂದ ಮುಂದಿನ ಚಕ್ರವನ್ನೂ ಚೌಕಟ್ಟನ್ನೂ ಸೇರಿಸಿ ಯಾವುದಾದರೂ ಗಟ್ಟಿ ಕಂಬಿಗೆ ಕಟ್ಟುವುದು, ಎರಡೂ ಬೇಕು. ನಿಲ್ದಾಣದ ಬಳಿ ಕಂಡಕಂಡಲ್ಲಿ ನಿಲ್ಲಿಸಿದರೆ ನಗರಾಡಳಿತದವರು ಎತ್ತಿಕೊಂಡು ಹೋಗುತ್ತಾರೆ. ಸೆಂಟ್ರಲ್ ನಿಲ್ದಾಣದ ಮುಂದೆ ನೀರಿನಡಿಯಲ್ಲೇ ಕಟ್ಟಿರುವ, 2023ರಲ್ಲಿ ತೆರೆದ, ಸುಮಾರು 7,000 ಸೈಕಲ್‌ಗಳ ತಂಗುದಾಣವನ್ನು ಬಳಸಿ. ಸೈಕಲ್ಲನ್ನು ರೈಲಿನಲ್ಲಿ ಒಯ್ಯುವುದಾದರೆ ಅದಕ್ಕೆ ಬೇರೆ ಟಿಕೆಟ್ ಬೇಕು, ವಾರದ ದಿನಗಳಲ್ಲಿ ಬೆಳಗ್ಗೆ 6.30ರಿಂದ 9 ಮತ್ತು ಸಂಜೆ 4ರಿಂದ 6.30ರವರೆಗೆ ಬಿಡುವುದಿಲ್ಲ.

ಕೊನೆಯ ದಿನ ನಾವು ವೊಂಡೆಲ್ ಪಾರ್ಕ್‌ನಿಂದ ಹೊರಟು, ರೈಕ್ಸ್ ಮ್ಯೂಸಿಯಂ ಕಟ್ಟಡದ ನಡುವೆಯೇ ಹಾಯುವ ಸೈಕಲ್ ದಾರಿಯಲ್ಲಿ ಕಮಾನುಗಳ ಕೆಳಗೆ ಸಾಗಿ, ಕಾಲುವೆಗಳನ್ನು ಒಂದೊಂದಾಗಿ ದಾಟಿ ಆಮ್‌ಸ್ಟೆಲ್ ನದಿಯ ದಡ ಹಿಡಿದೆವು. ಅರ್ಧ ದಿನವಷ್ಟೇ ಉಳಿದಿದ್ದರೆ ಆ ದಡದಲ್ಲೇ ದಕ್ಷಿಣಕ್ಕೆ ಔಡರ್‌ಕೆರ್ಕ್ ಹಳ್ಳಿಯವರೆಗೆ ಹೋಗಿಬನ್ನಿ. ನದಿ ಜೊತೆಗೇ ಇರುವುದರಿಂದ ಸಂಖ್ಯೆಗಳ ಪಟ್ಟಿಯೂ ಬೇಕಾಗುವುದಿಲ್ಲ.