ಮೊಲದ ಕೋಣೆಯ ಮಡಿ

ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಯ ಹಿತ್ತಲಿಗೆ ಹೊಂದಿಕೊಂಡ ಸಣ್ಣ ಕೋಣೆಯೊಳಗೆ, ಬಾಗಿಲ ಬಲಗಡೆ, ಒಂದು ಜೊತೆ ನೀಲಿ ರಬ್ಬರ್ ಚಪ್ಪಲಿ ಇದೆ. ಕೊಂಡ ದಿನದಿಂದ ಅದು ಆ ಕೋಣೆಯ ಹೊಸ್ತಿಲು ದಾಟಿಲ್ಲ. ಹೊರಗಿನ ಚಪ್ಪಲಿಯನ್ನು ಹೊರಗೇ ಬಿಟ್ಟು, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದು, ಗೂಟಕ್ಕೆ ತೂಗುಹಾಕಿರುವ ಹಳೆಯ ಮೇಲಂಗಿಯನ್ನು ತೊಟ್ಟುಕೊಂಡೇ ನಾನು ಒಳಗೆ ಹೋಗುವುದು. ನಮ್ಮ ಅತ್ತೆಯವರಿಗೆ ಮೊದಮೊದಲು ಇದು ನಗೆಯ ವಿಷಯವಾಗಿತ್ತು. "ದೇವರ ಖೋಲಿಗೂ ನೀ ಇಷ್ಟ ಮಡಿ ಮಾಡಿದ್ದು ನಾ ನೋಡಿಲ್ಲ, ಮೊಲಕ್ಕ ಮಾಡಾಕತ್ತೀಯಲ್ಲ" ಎಂದು ಬಂದವರೆದುರೆಲ್ಲ ಹೇಳುತ್ತಿದ್ದರು. ಈಗ ಅವರೇ ಕೊತ್ತಂಬರಿ ಸೂಡು ಹಿಡಿದು ಬಾಗಿಲಲ್ಲಿ ನಿಂತು ನನ್ನನ್ನು ಕೂಗುತ್ತಾರೆಯೇ ಹೊರತು ಒಳಗೆ ಕಾಲಿಡುವುದಿಲ್ಲ.

ಒಳಗಿರುವವು ಎರಡು. ಹದವಾಗಿ ಹುರಿದ ಕುಂದಾದ ಬಣ್ಣದ್ದಕ್ಕೆ ಕುಂದಾ ಎಂದು ಹೆಸರಿಟ್ಟಿದ್ದೇವೆ, ಬಿಳಿಯದು ಹತ್ತಿ. ಕುಂದಾಳನ್ನು ನಾನು ತಂದದ್ದು ಖಾನಾಪುರ ರಸ್ತೆಯ ಕಡೆ ತಗಡಿನ ಚಪ್ಪರದಡಿ ನಲವತ್ತರಷ್ಟು ಮೊಲ ಸಾಕಿಕೊಂಡಿದ್ದ ಒಬ್ಬರಿಂದ. ಒಂದು ಮಳೆಗಾಲದಲ್ಲಿ, ನಾಲ್ಕೈದು ದಿನಗಳ ಅಂತರದಲ್ಲಿ, ಅವರ ಮೊಲಗಳಲ್ಲಿ ಹೆಚ್ಚಿನವು ಸತ್ತವೆಂದು ಸುದ್ದಿ ಬಂತು. ಮರುಕದಿಂದ ನೋಡಲು ಹೋದೆ. ಗೂಡುಗಳ ಮುಂದೆ ನಿಂತು ಮಾತಾಡಿದೆ, ಉಳಿದಿದ್ದ ಒಂದು ಹೆಣ್ಣನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಬೆನ್ನು ಸವರಿದೆ. "ಅಕ್ಕಾರ, ಥಂಡಿಗೆ ಹೋಗ್ಯಾವ್ರೀ, ಬ್ಯಾರೆ ಏನಿಲ್ಲ" ಎಂದರು ಅವರು. ರಾತ್ರಿ ಮೇವು ತಿಂದ ಕೊಬ್ಬಿದ ದೊಡ್ಡ ಮೊಲಗಳು ಬೆಳಗಾಗುವಷ್ಟರಲ್ಲಿ ಕಾಲು ಚಾಚಿ ಬಿದ್ದಿದ್ದವು, ಕೆಲವುಗಳ ಮೂಗಿನಲ್ಲಿ ನೆತ್ತರು ಕಂಡಿತ್ತು ಎಂದು ಅವರೇ ಹೇಳಿದರು. ಆದರೂ ಥಂಡಿಯ ಮಾತನ್ನು ಬಿಡಲಿಲ್ಲ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮಾತು ಇಂಥ ಕಡೆ ಉಪಯೋಗಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ. ಸತ್ತವನ್ನೆಲ್ಲ ಅಷ್ಟರಲ್ಲಾಗಲೇ ನಾಲೆಗೆ ಎಸೆದಾಗಿತ್ತು. ನಾನು ಮನೆಗೆ ಬಂದವಳೇ ಅದೇ ಸೀರೆಯಲ್ಲಿ, ಅದೇ ಚಪ್ಪಲಿಯಲ್ಲಿ ಹಿತ್ತಲಿಗೆ ಹೋಗಿ ಕುಂದಾಳಿಗೆ ಕೊತ್ತಂಬರಿ ತಿನ್ನಿಸಿದೆ.

ಮೂರನೆಯ ದಿನ ಹತ್ತಿಯ ಉಗುರು ಕತ್ತರಿಸಲು ಪಶುವೈದ್ಯರಲ್ಲಿ ಹೋದಾಗ ಈ ಸಂಗತಿಯನ್ನು ಮಾತಿಗೆ ಮಾತೆಂಬಂತೆ ಹೇಳಿದೆ. ಅವರು ಕತ್ತರಿಯನ್ನು ಕೆಳಗಿಟ್ಟು, "ಅಲ್ಲಿಂದ ನೇರ ಮನೀಗೇ ಹೋದ್ರೇನ್ರೀ?" ಎಂದು ಕೇಳಿದರು. ಕಾಕ್ಸಿಡಿಯಾ ಪರೋಪಜೀವಿಯಿಂದ, ಶ್ವಾಸಕೋಶದ ಸೋಂಕಿನಿಂದ, ಬೂಸ್ಟು ಹಿಡಿದ ಆಹಾರದಿಂದಲೂ ಮೊಲಗಳು ಸಾಲಾಗಿ ಸಾಯುತ್ತವೆ, ಒಂದಾದರೂ ಶವವನ್ನು ಪರೀಕ್ಷೆಗೆ ಕಳಿಸಿದ್ದರೆ ಕಾರಣ ತಿಳಿಯುತ್ತಿತ್ತು ಎಂದು ಅವರು ವಿವರಿಸಿದರು. ಆದರೆ ಬೆಳೆದ ಮೊಲಗಳು ರಾತ್ರೋರಾತ್ರಿ ಮೂಗಿನಲ್ಲಿ ನೆತ್ತರು ಬಂದು ಸತ್ತವೆಂದರೆ, ಮೊಲಗಳ ರಕ್ತಸ್ರಾವ ರೋಗವೆಂದೇ ತಿಳಿದು ನಡೆದುಕೊಳ್ಳಬೇಕು ಎಂದರು. ಈ ವೈರಸ್ಸಿನ ಹಳೆಯ ಬಗೆ ಸೋಂಕಿದ ಒಂದರಿಂದ ಮೂರು ದಿನಗಳಲ್ಲಿಯೂ, ಹೊಸ ಬಗೆ ಮೂರರಿಂದ ಒಂಬತ್ತು ದಿನಗಳಲ್ಲಿಯೂ ತೋರಿಕೊಳ್ಳುತ್ತದೆ. ಹಾಗಾಗಿ ಒಂಬತ್ತು ದಿನ ತುಂಬುವವರೆಗೆ ನಾನು ನಸುಕಿನಲ್ಲಿ ಎದ್ದು, ಬಾಗಿಲು ತೆರೆಯುವ ಮೊದಲು ಒಳಗೆ ಹುಲ್ಲು ಸರಿದಾಡುವ ಸದ್ದು ಕೇಳುತ್ತದೆಯೇ ಎಂದು ಕಿವಿಗೊಟ್ಟು ನಿಲ್ಲುತ್ತಿದ್ದೆ. ನನ್ನ ಪುಣ್ಯ, ಏನೂ ಆಗಲಿಲ್ಲ. ಪಶುವೈದ್ಯರಲ್ಲಿಗೆ ಬಿಟ್ಟರೆ ನನ್ನ ಮೊಲಗಳು ಮನೆಯಿಂದ ಹೊರಗೇ ಹೋಗುವುದಿಲ್ಲವಾದ್ದರಿಂದ ಅವಕ್ಕೆ ಅಂಟುರೋಗದ ಭಯವಿಲ್ಲ ಎಂದು ಅಲ್ಲಿಯವರೆಗೆ ನಂಬಿದ್ದೆ. ಅವು ಹೋಗದಿದ್ದರೇನು, ನಾನು ಹೋಗಿ ಬಂದಿದ್ದೆನಲ್ಲ!

ಈ ರೋಗವನ್ನು ತರುವುದು ಕ್ಯಾಲಿಸಿವೈರಸ್ ಕುಟುಂಬಕ್ಕೆ ಸೇರಿದ ಒಂದು ವೈರಸ್. ಮನುಷ್ಯರಿಗೆ, ನಾಯಿಗೆ, ಬೆಕ್ಕಿಗೆ ಇದರಿಂದ ರೋಗ ಬರುವುದಿಲ್ಲ. ಮೊಲದ ಬಾಯಿ, ಮೂಗು ಅಥವಾ ಕಣ್ಣಿನ ಮೂಲಕ ಒಳಹೊಕ್ಕು ಅದು ಯಕೃತ್ತಿನಲ್ಲಿ ವೃದ್ಧಿಯಾಗುತ್ತದೆ. ಯಕೃತ್ತಿನ ಜೀವಕೋಶಗಳು ಸಾಯತೊಡಗಿದಂತೆ ಮೈಯ ಸಣ್ಣ ರಕ್ತನಾಳಗಳಲ್ಲೆಲ್ಲ ರಕ್ತ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿಸುವ ಅಂಶಗಳು ಹೀಗೆ ತೀರಿಹೋದ ಮೇಲೆ ರಕ್ತ ಎಲ್ಲಿ ಬೇಕೆಂದರಲ್ಲಿ ಸೋರುತ್ತದೆ. ಜ್ವರ ಬಂದ ಹನ್ನೆರಡರಿಂದ ಮೂವತ್ತಾರು ಗಂಟೆಗಳಲ್ಲಿ ಎಲ್ಲವೂ ಮುಗಿಯುವುದುಂಟು. ಔಷಧವಿಲ್ಲ. ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್ ಕೊಟ್ಟು ನೋಡೋಣವೆಂದು ಹೊರಡುವವರಿಗೆ ಒಂದು ಮಾತು: ಆ ಮಾತ್ರೆಗೆ ವೈರಸ್ ಬಗ್ಗುವುದಿಲ್ಲ, ಮೇಲಾಗಿ ಬಾಯಿಯ ಮೂಲಕ ಕೊಟ್ಟ ಪೆನಿಸಿಲಿನ್ ಜಾತಿಯ ಔಷಧಗಳು ಮೊಲದ ಕರುಳಿನ ಉಪಕಾರಿ ಸೂಕ್ಷ್ಮಜೀವಿಗಳನ್ನು ಹಾಳುಮಾಡಿ ಅವೇ ಅದರ ಪ್ರಾಣ ತೆಗೆಯಬಲ್ಲವು.

ಈ ರೋಗ ಮೊದಲು ಗುರುತಿಗೆ ಸಿಕ್ಕಿದ್ದು 1984ರಲ್ಲಿ, ಚೀನಾದಲ್ಲಿ, ಜರ್ಮನಿಯಿಂದ ತರಿಸಿಕೊಂಡಿದ್ದ ಅಂಗೋರಾ ಮೊಲಗಳಲ್ಲಿ. ಒಂದು ವರ್ಷದೊಳಗೆ ಅಲ್ಲಿ ಸುಮಾರು 14 ಕೋಟಿ ಸಾಕು ಮೊಲಗಳು ಸತ್ತವು. ಹಳೆಯ ಬಗೆ ಎಳೆಯ ಮರಿಗಳನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತಿತ್ತು. 2010ರಲ್ಲಿ ಫ್ರಾನ್ಸಿನಲ್ಲಿ ಕಾಣಿಸಿಕೊಂಡ ಎರಡನೆಯ ಬಗೆಗೆ ಆ ಕರುಣೆಯೂ ಇಲ್ಲ, ಅದು ಕೆಲವು ಜಾತಿಯ ಕಾಡುಮೊಲಗಳಿಗೂ ತಗಲುತ್ತದೆ. 2020ರಲ್ಲಿ ಅದು ಅಮೆರಿಕದ ನೈಋತ್ಯ ರಾಜ್ಯಗಳಲ್ಲಿ ಹಬ್ಬಿತು. ನನಗೆ ಎಲ್ಲಕ್ಕಿಂತ ಪಾಠವೆನಿಸಿದ್ದು ಆಸ್ಟ್ರೇಲಿಯಾದ ಕತೆ. ಅಲ್ಲಿ ಪಿಡುಗಾಗಿದ್ದ ಕಾಡು ಮೊಲಗಳನ್ನು ಅಡಗಿಸಲು ಈ ವೈರಸ್ ಆದೀತೇ ಎಂದು ವಾರ್ಡಾಂಗ್ ಎಂಬ ದ್ವೀಪದಲ್ಲಿ, ಬೇಲಿಯ ಮೇಲೆ ಬೇಲಿ ಹಾಕಿ, ಪರೀಕ್ಷೆ ನಡೆಸುತ್ತಿದ್ದರು. 1995ರಲ್ಲಿ ಅದು ಅಷ್ಟೂ ಬೇಲಿಗಳನ್ನು, ನಡುವಿನ ಸಮುದ್ರವನ್ನು ದಾಟಿ ದಡ ಸೇರಿತು. ದಾಟಿಸಿದ್ದು ನೊಣಗಳೆಂದು ವಿಜ್ಞಾನಿಗಳು ಬಲವಾಗಿ ಶಂಕಿಸುತ್ತಾರೆ. ಸರಕಾರದ ಬೇಲಿಯೇ ನಿಲ್ಲದ ಮೇಲೆ ನನ್ನ ಹಿತ್ತಲ ಬಾಗಿಲು ಯಾವ ಲೆಕ್ಕ?

ನೊಣದ ಮಾತನ್ನು ನಮ್ಮ ಕಡೆಯವರಿಗೆ ಒತ್ತಿ ಹೇಳಬೇಕಾಗಿಲ್ಲ. 2022ರಲ್ಲಿ ಚರ್ಮಗಂಟು ರೋಗ ಬೆಳಗಾವಿ ಜಿಲ್ಲೆಯ ಹಟ್ಟಿಗಳಲ್ಲಿ ಎತ್ತು ಆಕಳುಗಳನ್ನು ಕೆಡವಿದಾಗ, ಕಚ್ಚುವ ಹುಳದಿಂದ ರೋಗ ಹಬ್ಬುತ್ತದೆ ಎಂಬುದನ್ನು ಹಳ್ಳಿಯ ಮಕ್ಕಳೂ ಕಲಿತರು. ಮೊಲಗಳಿಗೆ ಬರುವ ಇನ್ನೊಂದು ಮಾರಿಯಾದ ಮಿಕ್ಸೊಮಾಟೋಸಿಸ್‌ನ ವೈರಸ್ಸೂ ಆ ಚರ್ಮಗಂಟು ವೈರಸ್ಸಿನ ಕುಟುಂಬದ್ದೇ, ಸೊಳ್ಳೆ ಮತ್ತು ಚಿಗಟಗಳ ಮೇಲೆ ಸವಾರಿ ಮಾಡುವಂಥದ್ದು. ರಕ್ತಸ್ರಾವ ರೋಗದ ವಿಷಯದಲ್ಲಿ ನೊಣ ಕಚ್ಚಲೂ ಬೇಕಾಗಿಲ್ಲ; ಸತ್ತ ಮೊಲದ ಮೇಲೆ ಕುಳಿತು ಬಂದ ನೊಣವು ಸೊಪ್ಪಿನ ಮೇಲೆ ಕಕ್ಕಿದ ಇಲ್ಲವೇ ಹಿಕ್ಕೆ ಹಾಕಿದ ಚುಕ್ಕೆಯೇ ಸಾಕು. ಬೆಳಗಾವಿಯ ಮಳೆಗಾಲವನ್ನು ಬಲ್ಲವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೊಣ ಎಷ್ಟಿರುತ್ತದೆಂದು ಗೊತ್ತು. ಕಿಟಕಿಗೆ ಸೊಳ್ಳೆ ಪರದೆಯ ಜಾಲರಿ ಹೊಡೆಸಿದ್ದೇನೆ, ಬಾಗಿಲಿಗೂ ಒಂದು ಜಾಲರಿಯ ಬಾಗಿಲು ಮಾಡಿಸಿದ್ದೇನೆ, ಹಿಕ್ಕೆಯನ್ನು ದಿನಕ್ಕೆರಡು ಸಲ ತೆಗೆದು ಮುಚ್ಚಳವಿರುವ ಬುಟ್ಟಿಗೆ ಹಾಕುತ್ತೇನೆ. ಜಾಲರಿಗೆ ಬಡಗಿ ಕೇಳಿದ ಹಣದಲ್ಲಿ ಇನ್ನೆರಡು ಮೊಲ ಬರುತ್ತಿದ್ದವು ಎಂದು ನಮ್ಮವರು ಅಂದರು. ಅದು ನಿಜವೇ.

ಈ ವೈರಸ್ಸಿನ ಗಟ್ಟಿತನವನ್ನು ತಿಳಿಯದೆ ಮಾಡುವ ಸ್ವಚ್ಛತೆ ಬರಿಯ ಸಮಾಧಾನ. ಅದು ಕೋಣೆಯ ಸಾಧಾರಣ ತಾಪಮಾನದಲ್ಲಿ, ಬಟ್ಟೆಯ ಮೇಲೆ ಒಣಗಿದ ಸ್ಥಿತಿಯಲ್ಲಿ, ಮೂರು ತಿಂಗಳಿಗಿಂತ ಹೆಚ್ಚು ಕಾಲ ಬದುಕಬಲ್ಲದು. ಒಂದು ಗಂಟೆ 50 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿಟ್ಟರೂ ಸಾಯುವುದಿಲ್ಲ, ಶೈತ್ಯಕ್ಕಂತೂ ಜಗ್ಗುವುದೇ ಇಲ್ಲ. "ಗೂಡನ್ನ ಎರಡ ದಿನ ಬಿಸಲಿಗಿ ಇಟ್ಟರ ಸಾಕು" ಎಂಬ ಸಲಹೆಯನ್ನು ನಾನು ನಾಲ್ಕು ಜನರಿಂದ ಕೇಳಿದ್ದೇನೆ. ನಮ್ಮ ಏಪ್ರಿಲ್ ಬಿಸಿಲನ್ನೂ ನಂಬಲಾಗದು. ಕೊರೊನಾ ಕಾಲದಿಂದ ಎಲ್ಲರ ಮನೆಯಲ್ಲಿ ಉಳಿದಿರುವ ಸ್ಯಾನಿಟೈಸರ್ ಕೂಡ ಇಲ್ಲಿ ಹೆಚ್ಚು ಉಪಯೋಗವಿಲ್ಲ, ಏಕೆಂದರೆ ಕೊರೊನಾ ವೈರಸ್ಸಿಗಿದ್ದ ಕೊಬ್ಬಿನ ಹೊದಿಕೆ ಈ ವೈರಸ್ಸಿಗಿಲ್ಲ. ಕೈಗೆ ಸೋಪು ಮತ್ತು ಹರಿಯುವ ನೀರೇ ಮೇಲು, ಅದು ವೈರಸ್ಸನ್ನು ತೊಳೆದು ಸಾಗಿಸುತ್ತದೆ. ಗೂಡು, ನೆಲ, ತಟ್ಟೆಗಳಿಗೆ ಅಂಗಡಿಯಲ್ಲಿ ಸಿಗುವ ಬ್ಲೀಚ್ ದ್ರಾವಣವನ್ನು ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಬಳಸುತ್ತೇನೆ. ಮೊದಲು ಹಿಕ್ಕೆ, ಉಚ್ಚೆ, ಕೂದಲನ್ನೆಲ್ಲ ಸೋಪಿನ ನೀರಿನಿಂದ ತಿಕ್ಕಿ ತೆಗೆಯಬೇಕು. ಹೊಲಸಿನ ಮೇಲೆ ಸುರಿದ ಬ್ಲೀಚ್ ಹೊಲಸಿನಲ್ಲಿಯೇ ಖರ್ಚಾಗುತ್ತದೆ. ಬಳಿಕ ಹತ್ತು ನಿಮಿಷವಾದರೂ ಒದ್ದೆಯಾಗಿಯೇ ಬಿಟ್ಟು, ತೊಳೆದು, ಚೆನ್ನಾಗಿ ಒಣಗಿಸಿದ ನಂತರವೇ ಮೊಲವನ್ನು ಒಳಗೆ ಬಿಡಬೇಕು. ಮೊಲದ ಉಚ್ಚೆಯಲ್ಲಿ ಅಮೋನಿಯಾ ಇರುವುದರಿಂದ ಅದರ ಮೇಲೆ ನೇರವಾಗಿ ಬ್ಲೀಚ್ ಸುರಿದರೆ ವಿಷಗಾಳಿ ಏಳುತ್ತದೆ. ಕಕ್ಕಸು ತೊಳೆಯುವ ಆಸಿಡ್ಡಿನ ಜೊತೆ ಬೆರೆಸುವುದಂತೂ ಕೂಡದೇ ಕೂಡದು. ಮೊದಲ ಸಲ ನಾನು ಬಾಗಿಲು ಹಾಕಿಕೊಂಡು ಈ ಕೆಲಸ ಮಾಡಿ, ಅರ್ಧ ತಾಸು ಕೆಮ್ಮುತ್ತ ತುಳಸಿಕಟ್ಟೆಯ ಮೇಲೆ ಕುಳಿತಿದ್ದೆ.

ಲಸಿಕೆ ಇದೆ. ಈ ವೈರಸ್ಸನ್ನು ಪ್ರಯೋಗಶಾಲೆಯ ಜೀವಕೋಶಗಳಲ್ಲಿ ಬೆಳೆಸುವುದು ಬಹುಕಾಲ ಸಾಧ್ಯವಾಗದ ಕಾರಣ, ಹಳೆಯ ಲಸಿಕೆಗಳನ್ನು ಸೋಂಕಿಸಿದ ಮೊಲಗಳ ಯಕೃತ್ತಿನಿಂದಲೇ ತಯಾರಿಸುತ್ತಿದ್ದರು. ಬ್ರಿಟನ್ ಮತ್ತು ಯುರೋಪಿನಲ್ಲಿ ಈಗ ಬಳಕೆಯಲ್ಲಿರುವ ನೋಬಿವ್ಯಾಕ್ ಲಸಿಕೆಯೊಂದರಲ್ಲಿ ದುರ್ಬಲಗೊಳಿಸಿದ ಮಿಕ್ಸೊಮಾ ವೈರಸ್ಸಿನೊಳಗೆ ರಕ್ತಸ್ರಾವ ವೈರಸ್ಸಿನ ಹೊರಕವಚದ ಜೀನನ್ನು ಸೇರಿಸಿದ್ದಾರೆ; ಐದು ವಾರದ ಮರಿಗೂ ಕೊಡಬಹುದಾದ ಒಂದೇ ಚುಚ್ಚುಮದ್ದು ಎರಡೂ ರೋಗಗಳಿಂದ ಒಂದು ವರ್ಷ ಕಾಯುತ್ತದೆ. ನಮ್ಮ ವೈದ್ಯರ ಬಳಿ ಇದು ಇಲ್ಲ. ನಾನು ಪ್ರತಿ ವರ್ಷ ಕೇಳುತ್ತೇನೆ, ಅವರು ಪ್ರತಿ ವರ್ಷ ತಲೆಯಾಡಿಸುತ್ತಾರೆ. ಕುರಿಗೆ ಹಾಕುವ ಲಸಿಕೆಯನ್ನೇ ತುಸು ಕಡಿಮೆ ಮಾಡಿ ಹಾಕಿರಿ ಎಂದು ಕೇಳುವವರೂ ಅವರಲ್ಲಿಗೆ ಬರುತ್ತಾರಂತೆ. ಅದು ಬೇರೆ ವೈರಸ್ಸಿನ ಲಸಿಕೆ, ಮೊಲಕ್ಕೆ ಅದರಿಂದ ಯಾವ ರಕ್ಷಣೆಯೂ ಇಲ್ಲ. ಚುಚ್ಚುಮದ್ದು ಕೈಗೆ ಸಿಗದ ಊರಿನಲ್ಲಿ ಮಡಿಯೊಂದೇ ಉಳಿಯುತ್ತದೆ.

ಮೇವಿನ ವಿಷಯದಲ್ಲಿ ನಾನು ಎಲ್ಲರಿಗಿಂತ ಹೆಚ್ಚು ಹಟ ಮಾಡುತ್ತೇನೆ. ರಸ್ತೆಯ ಬದಿಯ ಗರಿಕೆಯನ್ನು, ಖಾಲಿ ನಿವೇಶನದ ಹುಲ್ಲನ್ನು ತರುವುದಿಲ್ಲ, ಏಕೆಂದರೆ ಸತ್ತ ಮೊಲವನ್ನು ತಿಂದ ನಾಯಿ, ಕಾಗೆಗಳ ಮಲದಲ್ಲಿಯೂ ಜೀವಂತ ವೈರಸ್ ಹೊರಬರುತ್ತದೆ. ಕುದುರೆಮೆಂತೆ ಸೊಪ್ಪನ್ನು ಒಬ್ಬರೇ ಅಜ್ಜಿಯಿಂದ ಕೊಳ್ಳುತ್ತೇನೆ. ಅವರ ಹೊಲದಲ್ಲಿ ಮೊಲ ಸಾಕಿಲ್ಲವೆಂದು ಕೇಳಿ ತಿಳಿದುಕೊಂಡಿದ್ದೇನೆ. ಮೊದಲ ಸಲ ಕೇಳಿದಾಗ ಅವರು ಮೊಲದ ಮಾಂಸ ಬೇಕಾಗಿದೆಯೆಂದು ತಿಳಿದು ಇನ್ನೊಬ್ಬರ ಮನೆ ತೋರಿಸಿದ್ದರು! ಒಣಹುಲ್ಲನ್ನು ಒಮ್ಮೆಲೇ ತಂದು, ಚೀಲದ ಬಾಯಿ ಕಟ್ಟಿ, ಅಟ್ಟದ ಮೇಲೆ ನಾಲ್ಕು ತಿಂಗಳು ಇಟ್ಟ ಮೇಲೆಯೇ ಬಿಚ್ಚುತ್ತೇನೆ.

ಹೊಸ ಮೊಲ ತಂದರೆ ಮೂವತ್ತು ದಿನ ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಕಸಬರಿಗೆ. ಮೊದಲು ಮನೆಯವುಗಳ ಸೇವೆ, ಕೊನೆಗೆ ಹೊಸದರದು. ರೋಗ ಬಂದು ಬದುಕಿ ಉಳಿದದ್ದಾದರೆ ಅಷ್ಟೂ ಸಾಲದು, ಅದು ನಲವತ್ತೆರಡು ದಿನಗಳವರೆಗೂ ವೈರಸ್ಸನ್ನು ಹೊರಹಾಕುತ್ತಿರಬಹುದು.

ಇನ್ನು ಮೊಲ ದಿಢೀರನೆ ಸತ್ತರೆ ಏನು ಮಾಡಬೇಕೆಂಬುದು. ದುಃಖದ ಗಳಿಗೆಯಲ್ಲಿ ಯೋಚಿಸಲಾಗದ್ದರಿಂದ ನಾನು ಮೊದಲೇ ಒಂದು ಥರ್ಮಾಕೋಲ್ ಪೆಟ್ಟಿಗೆ, ದಪ್ಪ ಪ್ಲಾಸ್ಟಿಕ್ ಚೀಲ, ಕೈಗವಸುಗಳನ್ನು ಒಂದು ಕಡೆ ಇಟ್ಟಿದ್ದೇನೆ. ಶವವನ್ನು ಎರಡು ಚೀಲಗಳಲ್ಲಿ ಕಟ್ಟಿ, ಐಸಿನ ನಡುವೆ ತಂಪಾಗಿಟ್ಟು, ಫ್ರೀಜರಿನಲ್ಲಿ ಗಟ್ಟಿ ಮಾಡದೆ, ಅಂದೇ ಪಶು ದವಾಖಾನೆಗೆ ಒಯ್ಯಬೇಕು. ಯಕೃತ್ತಿನ ಒಂದು ತುಣುಕಿನ ಪಿಸಿಆರ್ ಪರೀಕ್ಷೆಯಿಂದ ವೈರಸ್ ಇದೆಯೋ ಇಲ್ಲವೋ ತಿಳಿಯುತ್ತದೆ. ಖಾನಾಪುರ ರಸ್ತೆಯ ಅವರು ಒಂದನ್ನಾದರೂ ಹೀಗೆ ಒಯ್ದಿದ್ದರೆ ಸುತ್ತಲಿನವರಿಗೆಲ್ಲ ಎಚ್ಚರಿಕೆ ಸಿಗುತ್ತಿತ್ತು. ನಾಲೆಗೆ ಎಸೆದದ್ದರಿಂದ ನಾಯಿಗಳಿಗೆ ಊಟವಾಯಿತು. ಹೂಳುವುದಾದರೆ ನಾಯಿ ಕೆದಕಲಾರದಷ್ಟು ಆಳ ತೋಡಿ ಸುಣ್ಣ ಸುರಿದು ಹೂಳಬೇಕು.

ಕಳೆದ ಕಬ್ಬಿನ ಹಂಗಾಮಿನಲ್ಲಿ ಓಣಿಯ ಹುಡುಗನೊಬ್ಬ ಶಾಲೆಯ ಚೀಲದಲ್ಲಿ ಏನನ್ನೋ ಮುಚ್ಚಿಕೊಂಡು ಓಡಿ ಬಂದ. ಅವನ ಕಾಕಾನ ಹೊಲದಲ್ಲಿ ಕಬ್ಬು ಕಡಿಯುವಾಗ ಸಿಕ್ಕ ಮೊಲದ ಮರಿ. ಅಂಗೈಯಷ್ಟಿದ್ದರೂ ಕಣ್ಣು ತೆರೆದು, ಮೈತುಂಬ ಕೂದಲಿದ್ದ, ಕತ್ತಿನ ಹಿಂದೆ ಕಪ್ಪು ಮಚ್ಚೆಯ ಮರಿ. "ಮಾವಶಿ, ಕುಂದಾನ ಜೋಡಿ ಬಿಡೂಣು" ಎಂದ. ಕನ್ನಡದಲ್ಲಿ ಎರಡನ್ನೂ ನಾವು ಮೊಲವೆಂದೇ ಕರೆಯುತ್ತೇವೆ, ಆದರೆ ನಮ್ಮ ಹೊಲಗಳ ಮೊಲ ಬೇರೆ ಕುಲದ್ದು, ಅದನ್ನು ಹಿಡಿದು ಸಾಕುವುದು ವನ್ಯಜೀವಿ ಕಾನೂನಿಗೆ ವಿರುದ್ಧ. ಅಲ್ಲದೆ ಅದು ತಬ್ಬಲಿಯೂ ಆಗಿರಲಿಲ್ಲ. ತಾಯಿ ಮೊಲ ಹಗಲೆಲ್ಲ ಮರಿಯಿಂದ ದೂರವಿದ್ದು, ಕತ್ತಲಾದ ಮೇಲೆ ಬಂದು ಹಾಲು ಕುಡಿಸಿ ಹೋಗುತ್ತದೆ. ಇಷ್ಟನ್ನು ಗೇಟಿನ ಹೊರಗೆಯೇ ನಿಂತು ಅವನಿಗೆ ಹೇಳಿ, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊಲಕ್ಕೆ ಹೋದೆವು. ಕಡಿಯದೆ ಉಳಿದಿದ್ದ ಸಾಲಿನ ಅಂಚಿಗೆ ಅವನು ಮರಿಯನ್ನು ಇಳಿಸಿದ. ಅದು ಒಂದು ಕ್ಷಣ ಅಲ್ಲಿಯೇ ಕುಳಿತು, ರವದಿಯ ಬಣ್ಣದಲ್ಲಿ ಬಣ್ಣವಾಗಿ, ನಮ್ಮ ಕಣ್ಣೆದುರಿಗೇ ಕಾಣದಾಯಿತು.

ಮನೆಗೆ ಬಂದಾಗ ಹೊತ್ತು ಮುಳುಗಿತ್ತು, ಒಳಗೆ ಮೇವು ತಡವಾದದ್ದಕ್ಕೆ ಕುಂದಾ ಹಿಂಗಾಲಿನಿಂದ ನೆಲಕ್ಕೆ ದಪದಪ ಹೊಡೆಯುತ್ತಿದ್ದಳು. ಅತ್ತೆಯವರು ಬಾಗಿಲಿಗೆ ಅಡ್ಡ ನಿಂತು, "ಮೊದಲ ಜಳಕಾ ಮಾಡು, ಸೀರಿ ಬದಲಿಸು, ಆಮ್ಯಾಲೆ ಅದರ ಖೋಲಿಗಿ ಹೋಗು" ಎಂದರು.